ಜರ್ಕಿನ್ನಿನ ಒಳಗಿನ ಗಾಳಿ

ತಗಡಿನ ಸೂರು ಕಾದು ತಲೆ ಸಿಡಿಯುವ ಏಪ್ರಿಲ್ ತಿಂಗಳಲ್ಲಿ, ಅರಸೀಕೆರೆಯ ಹೊರಗಿನ ಒಂದು ಕಾರ್ಖಾನೆಯಲ್ಲಿ ಕೂತು, ನಾವು ಹಿಮ ಬೀಳುವ ದೇಶದವರಿಗೆ ಜಾಕೆಟ್ ತಯಾರು ಮಾಡುತ್ತಿದ್ದೆವು. ಈಗಲೂ ಇದನ್ನು ಹೇಳಿದರೆ ಜನ ನಗುತ್ತಾರೆ. ನಮ್ಮೂರು ಜಾವಗಲ್ಲಿನಲ್ಲಿ ಇಂಥದ್ದಕ್ಕೆಲ್ಲ ಜರ್ಕಿನ್ ಎಂದೇ ಹೆಸರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮನೆಯವರು ಸಂಜೆ ಬಸ್ ಇಳಿದು ಬರುತ್ತಿದ್ದ ಹಾಗೇ ಕೇಳುತ್ತಿದ್ದರು, "ಇವತ್ತು ಎಷ್ಟು ಜನಕ್ಕೆ ಚಳಿ ಬಿಡಿಸಿ ಬಂದೆ?" ಬೆವರಿಗೆ ಅಂಟಿಕೊಂಡ ಸೀರೆಯ ಸೆರಗು ಕೊಡವುತ್ತಾ ನಾನು ಒಳಗೆ ಹೋಗುತ್ತಿದ್ದೆ.

ಈ ವರ್ಷ ನನ್ನ ತಂಗಿಯ ಮಗಳು ಪವಿತ್ರ ಅದೇ ಕಾರ್ಖಾನೆಗೆ ಸೇರಿದ್ದಾಳೆ, ಅದೂ ನಾನು ಮಾಡುತ್ತಿದ್ದ ಚೆಕ್ಕರ್ ಕೆಲಸಕ್ಕೇ. "ದೊಡ್ಡಮ್ಮ, ಕೆಲಸ ನಿಜವಾಗ್ಲೂ ಹೆಂಗಿರುತ್ತೆ ಹೇಳಿ" ಎಂದು ಕೇಳಿದಳು. ಬಾಯಲ್ಲಿ ಹೇಳಿದರೆ ಅವಳು ಫೋನ್ ನೋಡುತ್ತಾ ಹೂಂಗುಟ್ಟುತ್ತಾಳೆ ಎಂದು ಬರೆಯಲು ಕೂತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಸಂಬಳ ಏರಿತು ಎಂಬುದು ಅವಳಿಗೆ ಬೇಕಿಲ್ಲ, ನನಗೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ನಮ್ಮ ಎಡವಟ್ಟುಗಳು. ಅದರಲ್ಲೂ ಒಂದು: ನನ್ನ ಒಂದು ಮಾತು, ಒಂದು ಸೀಲಿನಿಂದ, ನಾನು ಕಂಡ ಅತ್ಯಂತ ಒಳ್ಳೆಯ ಕೆಲಸಗಾತಿ ತನ್ನ ಹೊಲಿಗೆ ಮಿಷನ್ ಕಳೆದುಕೊಂಡಳು. ಅದನ್ನು ಹೇಳದೆ ಬಿಟ್ಟರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ. ಆದರೆ ಮೊದಲು ಕೆಲಸ ಎಂಥದ್ದು ಅಂತ ಗೊತ್ತಾಗಬೇಕು.

ಈ ಜಾಕೆಟ್ಟಿನ ಹೊರಬಟ್ಟೆ ನೈಲಾನ್, ಈರುಳ್ಳಿ ಸಿಪ್ಪೆಯಷ್ಟು ತೆಳು. ಒಳಗಿರುವುದು ಹತ್ತಿಯಲ್ಲ, ಉಣ್ಣೆಯಲ್ಲ, ಹಕ್ಕಿಯ ಪುಕ್ಕವೂ ಅಲ್ಲ. ಪಾಲಿಯೆಸ್ಟರ್ ಎಳೆಗಳನ್ನು ಹಿಂಜಿ ಮಾಡಿದ ಬಿಳಿ ಹಾಸು. ಅದಕ್ಕೆ ಪ್ಯಾಡಿಂಗ್ ಎನ್ನುತ್ತೇವೆ. ಇಡೀ ಜಾಕೆಟ್ ಕೈಯಲ್ಲಿ ಹಿಡಿದರೆ ನನ್ನ ಊಟದ ಡಬ್ಬಿಗಿಂತ ಹಗುರ. ಮಡಚಿದರೆ ತನ್ನದೇ ಜೇಬಿನೊಳಗೆ ತಾನೇ ಕೂತುಬಿಡುತ್ತದೆ. ನೆನೆದರೂ ಬೆಚ್ಚಗಿಡುತ್ತದೆ, ಹಿಂಡಿ ಹರವಿದರೆ ಬೇಗ ಒಣಗುತ್ತದೆ. ಮೊದಲ ದಿನ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ನಾಗರಾಜ್ ಸರ್ ಒಂದು ತುಂಡು ಪ್ಯಾಡಿಂಗನ್ನು ಮುಷ್ಟಿಯಲ್ಲಿ ಹಿಸುಕಿ, ನಮ್ಮ ಮುಂದೆ ಅಂಗೈ ಬಿಚ್ಚಿ ಹಿಡಿದರು. ಅದು ನಿಧಾನವಾಗಿ ಉಬ್ಬುತ್ತಾ ಮೇಲೆದ್ದಿತು.

"ಬೆಚ್ಚಗಿಡೋದು ಈ ಎಳೆ ಅಲ್ಲ ಕಣ್ರಮ್ಮ. ಎಳೆಗಳ ಮಧ್ಯೆ ಸಿಕ್ಕಿಕೊಂಡಿರೋ ಗಾಳಿ. ಗಾಳಿ ಹೋಯ್ತು ಅಂದ್ರೆ ಇದು ಬರೀ ರೈನ್‌ಕೋಟು" ಎಂದರು.

ಗಾಳಿಯನ್ನು ಹೊಲಿದು ಕಳಿಸುವ ಕೆಲಸ ಇದು ಎಂದು ನನಗೆ ಅವತ್ತೇ ಅನ್ನಿಸಿತು. ಹದಿನೆಂಟು ವರ್ಷ ನೋಡಿದರೂ ಆ ಬೆರಗು ನನಗೆ ಕಡಿಮೆಯಾಗಲಿಲ್ಲ. ಇಷ್ಟು ಹಗುರದ ವಸ್ತು ಇಷ್ಟು ದೊಡ್ಡ ಚಳಿಯನ್ನು ಹೇಗೆ ತಡೆಯುತ್ತದೆ ಎಂದು ಈಗಲೂ ಒಂದು ಕ್ಷಣ ನಿಂತು ಯೋಚಿಸುತ್ತೇನೆ.

ಚೆಕ್ಕರ್ ಕೆಲಸ ಎಂದರೆ ದೊಡ್ಡ ದೀಪದ ಕೆಳಗೆ ಮೇಜಿನ ಮೇಲೆ ಪ್ರತಿ ಜಾಕೆಟ್ಟನ್ನೂ ಒಳಗೆ ಹೊರಗೆ ತಿರುವಿ ನೋಡುವುದು. ತೆಳು ನೈಲಾನಿಗೆ ದಪ್ಪ ಸೂಜಿ ಹಾಕಿದರೆ ತೂತು ಹಾಗೇ ಉಳಿಯುತ್ತದೆ, ಆ ತೂತಿನಿಂದ ಬಿಳಿ ಎಳೆ ಹೊರಗೆ ಇಣುಕುತ್ತದೆ. ರವಿಕೆಯ ಹಾಗೆ ಬಿಚ್ಚಿ ಮತ್ತೆ ಹೊಲಿಯುವುದು ಇಲ್ಲಿ ನಡೆಯುವುದಿಲ್ಲ. ಎಲ್ಲ ಸರಿಯಿದ್ದರೆ ಎಡ ಜೇಬಿನ ಒಳಗಿನ ಪಟ್ಟಿಯ ಮೇಲೆ ನಮ್ಮ ನಂಬರಿನ ಸಣ್ಣ ಸೀಲ್ ಒತ್ತಬೇಕು. ನನ್ನದು ಹದಿನಾಲ್ಕು. ಜಾಕೆಟ್ ಯಾವ ದೇಶಕ್ಕೆ ಹೋಗಿ ಕೆಟ್ಟರೂ ಹದಿನಾಲ್ಕನೇ ನಂಬರಿನವಳು ಯಾರು ಎಂದು ಕೇಳಿಕೊಂಡು ಬರುತ್ತಾರೆ. ಅದರ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಇನ್ನು ಎಡವಟ್ಟುಗಳು. ಬೇಲೂರಿನಲ್ಲಿ ಬಹಳ ಕಾಲ ಅಂಗಡಿ ಇಟ್ಟಿದ್ದ ಗೋವಿಂದಪ್ಪ ಎಂಬ ಟೈಲರ್ ನಮ್ಮ ಫಿನಿಶಿಂಗ್ ವಿಭಾಗಕ್ಕೆ ಸೇರಿದರು. ಸಫಾರಿ ಸೂಟ್ ಹೊಲಿದು ಹೆಸರು ಮಾಡಿದ್ದವರು. ಅವರಿಗೆ ಇಸ್ತ್ರಿಯೆಂದರೆ ಪ್ರಾಣ. ಒಂದು ಮಧ್ಯಾಹ್ನ ನಾನು ಹೋಗಿ ನೋಡಿದರೆ ಎರಡು ಡಜನ್ ಜಾಕೆಟ್ಟುಗಳಿಗೆ ಗಟ್ಟಿಯಾಗಿ ಇಸ್ತ್ರಿ ಒತ್ತಿ, ತೋಳಿಗೆ ನೇರ ಗೆರೆ ಕೂರಿಸಿ, ಹಪ್ಪಳದ ಕಟ್ಟಿನ ಹಾಗೆ ಜೋಡಿಸಿ ಇಟ್ಟಿದ್ದಾರೆ.

"ನೋಡಿ ಮೇಡಂ, ಮದ್ವೆ ಗಂಡು ಹಾಕ್ಕೊಂಡು ಹೋಗ್ಬೋದು, ಹಂಗೈತೆ" ಎಂದರು.

ಎಳೆಗಳು ಬಿಸಿಗೆ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಸುಕಿದರೆ ಏಳಲೇ ಇಲ್ಲ. ನಾಗರಾಜ್ ಸರ್ ಬಂದರು, ಬೈಯಲಿಲ್ಲ. ಅಂಗಡಿಯಿಂದ ಎರಡು ಐಸ್ ಗಡ್ಡೆ ತರಿಸಿ, ಗೋವಿಂದಪ್ಪನ ಬಲಗೈಗೆ ಒಳ್ಳೆಯ ಜಾಕೆಟ್ಟಿನ ತೋಳು, ಎಡಗೈಗೆ ಇಸ್ತ್ರಿ ಮಾಡಿದ್ದರ ತೋಳು ತೊಡಿಸಿ, ಎರಡರ ಮೇಲೂ ಒಂದೊಂದು ಗಡ್ಡೆ ಇಟ್ಟರು. ಸ್ವಲ್ಪ ಹೊತ್ತಿಗೇ ಗೋವಿಂದಪ್ಪ ಎಡಗೈ ಎಳೆದುಕೊಂಡರು. "ಸಾರ್, ಇದು ಸೆಟೆದು ಹೋಯ್ತದೆ, ತೆಗೀರಿ. ಬಲಗೈಗೆ ಏನೂ ಗೊತ್ತಾಯ್ತಾನೇ ಇಲ್ಲ" ಎಂದರು. ಅವತ್ತಿನಿಂದ ಅವರೇ ಇಸ್ತ್ರಿಪೆಟ್ಟಿಗೆಗೆ ಕಾವಲು ನಿಂತರು, ದೂರದಿಂದ ತೆಳುವಾಗಿ ಆವಿ ಬಿಡುವುದಕ್ಕಿಂತ ಹೆಚ್ಚಿಗೆ ಯಾರಿಗೂ ಬಿಡಲಿಲ್ಲ. ಕಲಿಸುವುದು ಹೀಗೆ ಎಂದು ನಾನು ನಾಗರಾಜ್ ಸರ್ ಅವರಿಂದಲೇ ತಿಳಿದುಕೊಂಡೆ.

ಇನ್ನೊಂದು ಸಲ ಆಯುಧಪೂಜೆಗೆ ಪ್ರತಿ ಮಿಷನ್ನಿಗೂ ಭಕ್ತಿಯಿಂದ ಕುಂಕುಮ ಹಚ್ಚಿದೆವು, ಸೂಜಿಯ ಪಕ್ಕದ ಕಂಬಿಯನ್ನೂ ಬಿಡಲಿಲ್ಲ. ಮಾರನೆಯ ವಾರ ತಿಳಿಬೂದು ಬಣ್ಣದ ಆರ್ಡರ್. ಪ್ರತಿ ಹೊಲಿಗೆಯ ಉದ್ದಕ್ಕೂ ಕೆಂಪು ಚುಕ್ಕೆ. ಒರೆಸಿದಷ್ಟೂ ಹರಡಿತು. ಆಮೇಲೆ ದೇವರಿಗೂ ಬೇಜಾರಾಗದಂತೆ, ಮಾಲು ಕೊಳ್ಳುವ ಬಯ್ಯರಿಗೂ ಬೇಜಾರಾಗದಂತೆ ಮೇಜಿನ ಕಾಲಿಗೆ ಮಾತ್ರ ಕುಂಕುಮ ಇಡುವ ಪದ್ಧತಿ ಮಾಡಿಕೊಂಡೆವು. ಈಗಲೂ ಹಾಗೇ ನಡೆಯುತ್ತಿದೆ ಎಂದು ಪವಿತ್ರ ಹೇಳಿದಳು.

ಈಗ ರಂಗಮ್ಮನ ವಿಷಯ. ಕಣಕಟ್ಟೆಯವಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಓದಿದ್ದು ನಾಲ್ಕನೇ ಕ್ಲಾಸು. ಕಾರ್ಖಾನೆಗೆ ಬರುವ ಮೊದಲು ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಕಾಯಿ ಆರಿಸುತ್ತಿದ್ದಳು. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವ ಕೆಲಸ. ಆ ಕೈ ಅವಳ ಜೊತೆಗೇ ನಮ್ಮಲ್ಲಿಗೆ ಬಂತು. ಪ್ಯಾಡಿಂಗಿಗೆ ಲೆಕ್ಕ ಇದೆ: ಒಂದು ಚದರ ಮೀಟರಿಗೆ ಅರವತ್ತು ಗ್ರಾಂ ಇದ್ದರೆ ಅರವತ್ತರದ್ದು, ನೂರು ಇದ್ದರೆ ನೂರರದ್ದು. ತೋಳಿಗೆ ತೆಳುವಾದದ್ದು, ಬೆನ್ನಿಗೆ ದಪ್ಪದ್ದು. ನಾವು ಚೀಟಿ ನೋಡಿ ಹೇಳುತ್ತಿದ್ದೆವು. ರಂಗಮ್ಮ ಎರಡು ಬೆರಳಲ್ಲಿ ಹಿಡಿದು ಹೇಳುತ್ತಿದ್ದಳು. ಅವಳ ಮಾತು ತಪ್ಪಿದ್ದು ನಾನು ಕಾಣೆ.

ಒಂದು ಡಿಸೆಂಬರ್ ಭಾನುವಾರ ನಾವಿಬ್ಬರೂ ಬಸ್ ಹತ್ತಿ ಹಳೇಬೀಡಿಗೆ ಹೋಗಿದ್ದೆವು. ಇನ್ನೂ ಮಂಜು ಕರಗಿರಲಿಲ್ಲ. ಜನ ಗೋಡೆಯ ಮೇಲಿನ ಆನೆ ಸಾಲು ನೋಡುತ್ತಿದ್ದರೆ ರಂಗಮ್ಮ ನೋಡುತ್ತಿದ್ದದ್ದು ಮುಂದೆ ಹೋಗುತ್ತಿದ್ದ ಒಬ್ಬ ಹೆಂಗಸಿನ ನೀಲಿ ಜಾಕೆಟ್ಟನ್ನು. ಆ ವರ್ಷ ನಮ್ಮ ಮಾಲು ಸ್ವಲ್ಪ ಇಲ್ಲಿನ ಅಂಗಡಿಗಳಿಗೂ ಹೋಗಿತ್ತು. ನಾನು ಬೇಡ ಎನ್ನುವಷ್ಟರಲ್ಲಿ ಅವಳು ಹೋಗಿ, "ಒಂಚೂರು ಮುಟ್ಲಾ ತಾಯಿ" ಎಂದು ತೋಳು ಹಿಡಿದೇಬಿಟ್ಟಳು. ಆ ಹೆಂಗಸಿನ ಗಂಡ ತನ್ನ ಬ್ಯಾಗನ್ನು ಎದೆಗೆ ಅವಚಿಕೊಂಡ.

"ತೋಳಿಗೆ ಅರವತ್ತು, ಬೆನ್ನಿಗೆ ನೂರು. ನಮ್ಮದೇ ಅಕ್ಕ ಇದು" ಎಂದಳು ರಂಗಮ್ಮ.

ಬೆಂಗಳೂರಿನಲ್ಲಿ ನೆಲೆಸಿದ್ದ ಉತ್ತರದ ಕಡೆಯವರಂತೆ. ನಾನು ಹರುಕು ಮುರುಕು ಹಿಂದಿಯಲ್ಲಿ ವಿಷಯ ಹೇಳಿ, ಎಡ ಜೇಬು ತಿರುವಿಸಿ ನೋಡಿದರೆ ಸೀಲ್ ಒಂಬತ್ತನೇ ನಂಬರಿನವಳದ್ದು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆ ಹೆಂಗಸು ನಕ್ಕು, ಇದನ್ನು ಹಾಕಿಕೊಂಡು ಹಿಮದ ಬೆಟ್ಟ ಹತ್ತಿ ಬಂದಿದ್ದೇನೆ, ಒಂದು ಚೂರೂ ನಡುಗಲಿಲ್ಲ ಎಂದರು. ವಾಪಸ್ ಬರುವ ಬಸ್ಸಿನಲ್ಲಿ ರಂಗಮ್ಮ ಕಿಟಕಿಯ ಕಡೆ ನೋಡುತ್ತಾ, "ನಾವು ಹೊಲ್ದಿದ್ದು ಹಿಮದಾಗೆ ಹೋಗ್ಬಂದೈತೆ ಅಕ್ಕ" ಎಂದು ಎರಡು ಸಲ ಹೇಳಿದಳು. ಅವಳಿಗೆ ಆ ಮಿಷನ್ ಎಂದರೆ ಏನು ಎಂದು ನನಗೆ ಅವತ್ತು ಅರ್ಥವಾಯಿತು.

ಇದಾದ ಮುಂದಿನ ಬೇಸಿಗೆಯಲ್ಲಿ ಸ್ಟೋರಿಗೆ ಬಸಣ್ಣ ಎಂಬುವರು ಬಂದರು. ಅವರೂ ಕೊಬ್ಬರಿ ಮಂಡಿಯವರೇ. ಸೂರಿನವರೆಗೆ ಗೋಣಿಚೀಲ ಪೇರಿಸಿದರೆ ನೂಲು ಹಿಡಿದ ಹಾಗೆ ನೇರ ನಿಲ್ಲುತ್ತಿತ್ತಂತೆ. ಪ್ಯಾಡಿಂಗ್ ಬರುವುದು ಹಾಸಿಗೆ ಸುತ್ತಿದಂಥ ದೊಡ್ಡ ದೊಡ್ಡ ಸುರುಳಿಗಳಾಗಿ. ಅವು ಸ್ಟೋರಿನ ಜಾಗವನ್ನೆಲ್ಲ ತಿನ್ನುವುದು ಬಸಣ್ಣನಿಗೆ ಸಹಿಸಲಾಗಲಿಲ್ಲ. ಕೊಬ್ಬರಿ ಮೂಟೆಯ ಹಾಗೆ ಸುರುಳಿಗಳನ್ನು ಒಂದರ ಮೇಲೊಂದು ಅದುಮಿ, ಹಗ್ಗ ಬಿಗಿದು, ಸೂರು ಮುಟ್ಟುವ ತನಕ ಪೇರಿಸಿದರು. ಸ್ಟೋರ್ ಎರಡರಷ್ಟು ದೊಡ್ಡದಾದಂತೆ ಕಂಡಿತು. ನಾಗರಾಜ್ ಸರ್ ಹೊಗಳಿದರು. ನಾನೂ ಹೋಗಿ ನೋಡಿ, ಕೆಲಸ ಅಂದ್ರೆ ಇದು ಬಸಣ್ಣ ಎಂದು ಹೇಳಿ ಬಂದೆ. ಕಾದ ತಗಡಿನ ಕೆಳಗೆ ಆ ಸುರುಳಿಗಳು ಒಂದೂವರೆ ತಿಂಗಳು ಹಾಗೇ ಇದ್ದವು.

ಅಡಿಯ ಸುರುಳಿಗಳು ಕಟಿಂಗಿಗೆ ಬಂದ ದಿನ ರಂಗಮ್ಮ ತನ್ನ ಮಿಷನ್ ನಿಲ್ಲಿಸಿದಳು. ಅವಳದ್ದು ಲೈನಿನ ಮೊದಲ ಮಿಷನ್, ಬೆನ್ನಿನ ಭಾಗಕ್ಕೆ ಪ್ಯಾಡಿಂಗ್ ಕೂರಿಸುವುದು. ಅವಳು ನಿಂತರೆ ಹಿಂದಿನ ಮೂವತ್ತು ಮಿಷನ್ನೂ ನಿಲ್ಲುತ್ತವೆ. ನನ್ನನ್ನು ಕೈಸನ್ನೆಯಲ್ಲಿ ಕರೆದಳು.

"ಅಕ್ಕ, ಈ ಪ್ಯಾಡಿಂಗು ಸತ್ತೈತೆ."

ಅಷ್ಟರಲ್ಲಿ ನಾಗರಾಜ್ ಸರ್ ಬಂದರು. ಶನಿವಾರದೊಳಗೆ ಮಾಲು ಮುಗಿಯಬೇಕಿತ್ತು, ಲಾರಿಗೆ ಹೇಳಿಯಾಗಿತ್ತು. ಅವರ ಮುಖ ಆಗಲೇ ಬಿಗಿದಿತ್ತು. "ತೂಕ ಹಾಕಿ ಶಾರದಮ್ಮ" ಎಂದರು. ದುಂಡು ತುಂಡು ಕತ್ತರಿಸಿ ತಕ್ಕಡಿಯಲ್ಲಿಟ್ಟೆ. ನೂರಕ್ಕೆ ಸರಿಯಾಗಿ ನೂರು. ಆ ತುಂಡನ್ನು ಎತ್ತಿ ಬೆರಳ ನಡುವೆ ಹಿಡಿದು ಮೇಜಿನ ಮೇಲಿಟ್ಟೆ.

"ಏನಂತೀರಿ?" ಎಂದು ಕೇಳಿದರು.

"ತೂಕ ಸರಿಯಾಗಿದೆ ಸರ್" ಎಂದೆ.

"ತೂಕ ಇರ್ಲಿ ಬುಡಿ ಸಾರ್. ಅದು ಮ್ಯಾಕೆ ಏಳ್ತಿಲ್ಲ. ನಾನು ಹೊಲಿಯಾಕಿಲ್ಲ" ಎಂದಳು ರಂಗಮ್ಮ.

ಇಪ್ಪತ್ತು ನಿಮಿಷ ಲೈನ್ ನಿಂತಿತು. ನಾಗರಾಜ್ ಸರ್ ಹೊಲಿಯಲು ಎರಡು ಸಲ ಹೇಳಿದರು, ಮೂರನೇ ಸಲ ಹೇಳಲಿಲ್ಲ. ಅವಳನ್ನು ಟ್ರಿಮ್ಮಿಂಗ್ ಮೇಜಿಗೆ ಕಳಿಸಿ, ಮಿಷನ್ ಮೇಲೆ ಬೇರೆಯವಳನ್ನು ಕೂರಿಸಿದರು. ಟ್ರಿಮ್ಮಿಂಗ್ ಎಂದರೆ ಉಳಿದ ದಾರದ ತುದಿ ಕತ್ತರಿಸುವುದು, ಕೆಲಸ ಬಾರದವರನ್ನು ಮೊದಲು ಕೂರಿಸುವ ಜಾಗ. ರಂಗಮ್ಮ ತನ್ನ ಕುರ್ಚಿಯ ಮೇಲಿದ್ದ ಸಣ್ಣ ದಿಂಬನ್ನೂ ನೀರಿನ ಬಾಟಲಿಯನ್ನೂ ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ನಡೆದು ಹೋದಳು. ನಾನು ಆ ಪ್ಯಾಡಿಂಗಿನ ಬಂಡಲಿನ ಚೀಟಿಯ ಮೇಲೆ, ಸರಿಯಿದೆ ಎಂದು ಹದಿನಾಲ್ಕರ ಸೀಲ್ ಒತ್ತಿದೆ. ಆ ವಾರವೆಲ್ಲ ಆ ಮಾಲಿನ ಜಾಕೆಟ್ಟುಗಳಿಗೂ ಒತ್ತುತ್ತಲೇ ಹೋದೆ.

ದಿನಾ ಅವಳ ಮೇಜಿನ ಮುಂದೆಯೇ ಹಾದು ಹೋಗಬೇಕಿತ್ತು. ನಾನು ಫೈಲ್ ನೋಡುತ್ತಾ ಹೋಗುತ್ತಿದ್ದೆ. ಅವಳು ದಾರ ಕತ್ತರಿಸುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಪ್ಯಾಕಿಂಗ್ ಕಡೆ ಹೋದೆ. ನಮ್ಮ ಜಾಕೆಟ್ಟಿನ ರಟ್ಟಿನ ಡಬ್ಬ ಮುಚ್ಚುವುದೆಂದರೆ ಒಂದು ಕುಸ್ತಿ. ಒಬ್ಬಳು ಮೊಣಕಾಲೂರಿ ಅದುಮಿದರೆ ಇನ್ನೊಬ್ಬಳು ಟೇಪ್ ಹಾಕಬೇಕು. ಅವತ್ತು ಒಬ್ಬಳೇ ಹೆಂಗಸು ಒಂದು ಕೈಯಲ್ಲಿ ಮುಚ್ಚಿ ಒಂದು ಕೈಯಲ್ಲಿ ಟೇಪ್ ಎಳೆಯುತ್ತಿದ್ದಳು. "ಈ ಸಲದ ಮಾಲು ಬಲು ಸಾಧು ಅಕ್ಕ, ಹೇಳ್ದಂಗೆ ಕೇಳ್ತದೆ" ಎಂದು ನಕ್ಕಳು.

ನಾನು ಅಲ್ಲೇ ಒಂದು ಡಬ್ಬ ಬಿಚ್ಚಿಸಿದೆ. ಹಳೆಯ ಮಾಲಿನ ಹತ್ತು ಜಾಕೆಟ್, ಈ ಮಾಲಿನ ಹತ್ತು ಜಾಕೆಟ್ ಪಕ್ಕಪಕ್ಕದಲ್ಲಿ ಪೇರಿಸಿಟ್ಟೆ. ಹೊಸದು ಒಂದು ಗೇಣು ತಗ್ಗಿತ್ತು. ತೂಕ ಅಷ್ಟೇ, ಎಳೆ ಅಷ್ಟೇ, ಬಟ್ಟೆ ಅಷ್ಟೇ. ಒಳಗೆ ಗಾಳಿ ಇರಲಿಲ್ಲ. ಯಾವುದೋ ಬೆಟ್ಟದ ಮೇಲೆ ಇದನ್ನು ನಂಬಿ ಹಾಕಿಕೊಂಡವರು ನಡುಗುತ್ತಾರೆ, ಜೇಬು ತಿರುವಿದರೆ ಅಲ್ಲಿ ನನ್ನ ನಂಬರು. ನೇರ ನಾಗರಾಜ್ ಸರ್ ಹತ್ತಿರ ಹೋಗಿ ಕರೆದುಕೊಂಡು ಬಂದು ತೋರಿಸಿದೆ.

ಅವರು ಆ ಎರಡು ರಾಶಿಗಳ ಮೇಲೂ ಅಂಗೈ ಒತ್ತಿ ನೋಡಿದರು. ಆಮೇಲೆ ಸ್ಟೋರಿಗೆ ಹೋದರು. ಅಡಿಯಲ್ಲಿ ಉಳಿದಿದ್ದ ಸುರುಳಿಯೊಂದನ್ನು ಬಿಚ್ಚಿಸಿದರೆ ಅದು ಚಾಪೆಯ ಹಾಗೆ ಚಪ್ಪಟೆಯಾಗಿ ಬಿದ್ದುಕೊಂಡಿತು. ಬಸಣ್ಣ ಅದರ ಒಂದು ತುದಿ ಎತ್ತಿ ಕೊಡವಿ ನೋಡಿದರು. "ಸಾರ್, ಕೊಬ್ಬರಿಗೆ ಹಿಂಗೇ ಮಾಡ್ತಿದ್ವಿ. ಏನೂ ಆಯ್ತಿರ್ಲಿಲ್ಲ" ಎಂದರು.

"ಇದನ್ನ ನೋಡಿ ಹೊಗಳಿದ್ದು ನಾನು ಬಸಣ್ಣ. ನೀವು ಸುಮ್ಮನಿರಿ" ಎಂದರು ನಾಗರಾಜ್ ಸರ್. ಮಾರನೆಯ ದಿನ ಬಂದ ಲಾರಿಯನ್ನು ಖಾಲಿ ವಾಪಸ್ ಕಳಿಸಿದರು. ಬಯ್ಯರ್ ಕಡೆಯವರ ಬೈಗುಳವನ್ನೆಲ್ಲ ಫೋನಿನಲ್ಲಿ ಅವರೊಬ್ಬರೇ ಕೇಳಿಸಿಕೊಂಡರು. ಇಂಥ ಮೇಲಧಿಕಾರಿ ಎಲ್ಲರಿಗೂ ಸಿಗುವುದಿಲ್ಲ.

ನನ್ನಿಂದ ಒಂದು ವಿವರಣೆ ಬರೆಸಿಕೊಂಡರು. ನಾನು ಬರೆದೆ: "ತೂಕ ಮಾತ್ರ ನೋಡಿ ಸೀಲ್ ಹಾಕಿದ್ದೇನೆ. ಪ್ಯಾಡಿಂಗಿನ ಉಬ್ಬನ್ನು ಕೈಯಿಂದ ಪರೀಕ್ಷಿಸಲಿಲ್ಲ. ಇದು ನನ್ನ ಅಜಾಗರೂಕತೆ. ರಂಗಮ್ಮನವರ ತಪ್ಪಿಲ್ಲ." ಸೋಮವಾರದ ಮೀಟಿಂಗಿನಲ್ಲಿ ನಾಗರಾಜ್ ಸರ್ ಅದನ್ನು ಎಲ್ಲರ ಮುಂದೆ ಓದಿ, "ತಪ್ಪು ಒಪ್ಪಿಕೊಳ್ಳೋದನ್ನ ಶಾರದಮ್ಮನ್ನ ನೋಡಿ ಕಲೀರಿ" ಎಂದರು. ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ಅದನ್ನೂ ವಿನಯ ಎಂದುಕೊಂಡರು.

ಆಮೇಲೆ ಅವರು ಟ್ರಿಮ್ಮಿಂಗ್ ಮೇಜಿಗೆ ಹೋಗಿ, "ರಂಗಮ್ಮ, ನಿಮ್ಮ ಮಿಷನ್‌ಗೆ ಬನ್ನಿ. ನನ್ನದು ತಪ್ಪಾಯ್ತು" ಎಂದರು.

ರಂಗಮ್ಮ ಕತ್ತರಿ ಕೆಳಗಿಟ್ಟಳು. "ಬತ್ತೀನಿ ಸಾರ್. ಇನ್ಮ್ಯಾಕೆ ನಾವು ಯಾರಾನ ಮಿಷನ್ ನಿಲ್ಸಿದ್ರೆ, ಯಾಕೆ ನಿಲ್ಸಿದ್ರಿ ಅಂತ ಕೇಳಿ. ಆಮ್ಯಾಕೆ ಬೈರಿ" ಎಂದಳು.

ಅವಳ ಮಾತೇ ಕಾರ್ಖಾನೆಯ ನಿಯಮವಾಯಿತು. ಸುರುಳಿಗಳನ್ನು ಒಂದರ ಮೇಲೊಂದು ಹೇರುವುದು ನಿಂತಿತು. ಬಿಚ್ಚಿದ ಪ್ಯಾಡಿಂಗ್ ಒಂದು ದಿನ ಹಾಗೇ ಹರವಿಕೊಂಡು ಮಲಗಬೇಕು, ಆಮೇಲೇ ಕಟಿಂಗ್. ತೂಕದ ಜೊತೆಗೆ ದಪ್ಪ ಅಳೆಯುವ ಸಾಧನವೂ ಬಂತು. ಇವತ್ತು ಸೇರುವ ಹುಡುಗಿಯರಿಗೆ ಇದೆಲ್ಲ ಮೊದಲಿನಿಂದಲೂ ಹೀಗೇ ಇತ್ತು ಎನ್ನಿಸುತ್ತದೆ. ಒಬ್ಬಳು ಟ್ರಿಮ್ಮಿಂಗ್ ಮೇಜಿನಲ್ಲಿ ಕೂತದ್ದರಿಂದ ಬಂದದ್ದು ಇದು.

ಆ ಸೋಮವಾರವೇ ಊಟದ ಹೊತ್ತಿನಲ್ಲಿ ಹೊಂಗೆ ಮರದ ಕೆಳಗೆ ಅವಳ ಪಕ್ಕ ಹೋಗಿ ಕೂತೆ. "ರಂಗಮ್ಮ, ನನ್ನಿಂದ ನಿನಗೆ ಹೀಗಾಯ್ತು. ನಾನು ಮುಟ್ಟಿ ನೋಡ್ಬೇಕಿತ್ತು" ಎಂದೆ.

ಮುದ್ದೆ ಮುರಿಯುತ್ತಿದ್ದ ಅವಳ ಕೈ ನಿಂತಿತು.

"ಮುಟ್ಟಿದ್ರಿ ಅಕ್ಕ. ನಾನು ನಿಮ್ ಮಖನೇ ನೋಡ್ತಿದ್ದೆ. ನಿಮ್ಗೂ ಗೊತ್ತಾತು. ಆಮ್ಯಾಕೆ ಸಾಹೇಬ್ರ ಮಖ ನೋಡಿದ್ರಿ."

ಅವಳು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದಳು. ದನಿಯಲ್ಲಿ ಕೋಪವೇನೂ ಇರಲಿಲ್ಲ. "ಕಾಗದದಾಗೆ ಏನಾರ ಬರ್ಕಳ್ಳಿ. ನಿಮ್ ಕೈಗೂ ಗೊತ್ತಾಯ್ತದೆ ಅನ್ನೋದು ನಿಮ್ಗೆ ಗೊತ್ತಿರ್ಲಿ, ಸಾಕು" ಎಂದಳು.

ಆಮೇಲೆ ನಾವಿಬ್ಬರೂ ಒಂದೇ ಲೈನಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆವು. ಈ ಮಾತನ್ನು ಅವಳು ಒಂದು ದಿನವೂ ಎತ್ತಲಿಲ್ಲ, ಯಾರಿಗೂ ಹೇಳಲಿಲ್ಲ. ಅವಳಷ್ಟು ದೊಡ್ಡ ಮನಸ್ಸಿನವರನ್ನು ನಾನು ಎಲ್ಲೂ ಕಾಣಲಿಲ್ಲ. ನಾನು ಮಾತ್ರ ಆ ಕಾಗದವನ್ನು ವಾಪಸ್ ಕೇಳಲಿಲ್ಲ, ತಿದ್ದಲಿಲ್ಲ. ಅದನ್ನು ಹೊಸ ಚೆಕ್ಕರುಗಳ ತರಬೇತಿಯಲ್ಲಿ ಈಗಲೂ ಓದಿ ಹೇಳುತ್ತಾರೆ ಎಂದು ಪವಿತ್ರ ಮೊನ್ನೆ ಹೆಮ್ಮೆಯಿಂದ ಹೇಳಿದಳು.

ಪವಿತ್ರ, ಆ ಕಾಗದದಲ್ಲಿರುವುದು ಸುಳ್ಳು. ನಾನು ಮುಟ್ಟಿದ್ದೆ. ಅದು ಮೇಲೇಳಲಿಲ್ಲ. ಗೊತ್ತಿದ್ದೂ ಸೀಲ್ ಒತ್ತಿದೆ.